ಕಾಂಡ್ಲದ ಒತ್ತು

ಮಾವಾ,

ಹೊಳೆ ನಿಮ್ಮ ಹತ್ತಿರ ಬರಲಿಲ್ಲ. ಉಳಿದದ್ದನ್ನು ನಿಧಾನವಾಗಿ ಬರೆಯುತ್ತೇನೆ, ಮೊದಲು ಇದನ್ನು ಹೇಳಿಬಿಡಬೇಕು ಅನ್ನಿಸಿತು. ಈ ಸಲದ ಆಟಿ ತಿಂಗಳ ಮಳೆಗೆ ಕಟಪಾಡಿಯಿಂದ ನಮ್ಮಲ್ಲಿಗೆ ಬರುವ ದಾರಿಯೆಲ್ಲ ಮುಳುಗಿತ್ತು. ಅಂಗಳದ ಕೆಳಗಿನ ಗದ್ದೆಗೂ ನೀರು ಬಂತು, ನಿಂತಿತು, ಹೋಯಿತು. ಆದರೆ ನಿಮ್ಮ ದೂಪೆ ಇದ್ದಲ್ಲೇ ಇದೆ. ಒಂದು ಹಿಡಿ ಮಣ್ಣೂ ಕುಸಿದಿಲ್ಲ. ಬೆಳಿಗ್ಗೆ ಹೋಗಿ ಕೈಯಿಂದ ಮುಟ್ಟಿ ನೋಡಿ ಬಂದೆ.

ನಿಮಗೆ ನೆನಪಿದೆಯಾ, ಸ್ಲೇಟು ಹಿಡಿದುಕೊಂಡು ನಿಮ್ಮ ಪಕ್ಕದಲ್ಲಿ ಕೂತಾಗ ನೀವು ನನ್ನನ್ನು ಬೈಯುತ್ತಿದ್ದದ್ದು ಒಂದೇ ವಿಷಯಕ್ಕೆ? ಅಮ್ಮ ತೀರಿಹೋದ ಮೇಲೆ ಅಮ್ಮನ ತಮ್ಮನಾದ ನೀವೇ ನನಗೂ ನನ್ನ ತಮ್ಮ ವಾಸುವಿಗೂ ಎಲ್ಲ ಆದಿರಿ. ಮನೆಯಲ್ಲಿ ಮಾತು ತುಳು, ಕಾಗದಕ್ಕೆ ಕೂತರೆ ಕನ್ನಡ. ಬೊಂಬಾಯಿಗೆ ಹೋದ ಗಂಡಂದಿರಿಗೆ, ಮಕ್ಕಳಿಗೆ ಈ ಕಡೆಯ ಹೆಂಗಸರೆಲ್ಲ ನಿಮ್ಮ ಕೈಯಿಂದಲೇ ಕಾಗದ ಬರೆಸುತ್ತಿದ್ದರು. ಅಂಥವರ ಸೋದರಸೊಸೆ ನಾನು, ಬರೆದರೆ ಒತ್ತಕ್ಷರ ಕಾಣುತ್ತಿರಲಿಲ್ಲ. "ಗಿರಿಜಾ, ಇಲ್ಲಿ ಒತ್ತು ಎಲ್ಲಿ? ಪುನಃ ನುಂಗಿದ್ದಾ? ಒತ್ತು ನುಂಗಿದರೆ ಹೊಟ್ಟೆ ತುಂಬುವುದಿಲ್ಲ ಮಾರಾಯ್ತಿ!" ಏಳನೇ ಕ್ಲಾಸು ಮುಗಿಸಿ ಬೀಡಿ ಕಟ್ಟಲು ಕೂತ ಮೇಲೂ ಅದು ಸರಿಯಾಗಲಿಲ್ಲ. ಎಲೆಯನ್ನು ಸಣ್ಣದಾಗಿ ಕತ್ತರಿಸುವ ಬೆರಳು ಅಕ್ಷರವನ್ನೂ ಸಣ್ಣದಾಗಿಯೇ ಬರೆಯುತ್ತದೋ ಏನೋ.

ಮಣಿಪಾಲದ ಆಸ್ಪತ್ರೆಯಲ್ಲಿ ಕಿಟಕಿ ಬದಿಯ ಹಾಸಿಗೆಯಿಂದ ನೀವು ನನ್ನನ್ನು ಹತ್ತಿರ ಕರೆದದ್ದು ಈಗಲೂ ಕಣ್ಣ ಮುಂದಿದೆ. "ನನ್ನನ್ನು ಗುಡ್ಡೆಯ ಸುಡುಗಾಡಿಗೆ ಕೊಂಡುಹೋಗುವುದು ಬೇಡ. ಹೊಳೆ ಬದಿ ಗದ್ದೆಯ ಮೂಲೆ ಸಾಕು" ಎಂದಿರಿ. ಗೇಣಿಯ ಡಿಕ್ಲರೇಶನ್ ಕೊಟ್ಟು, ಉಡುಪಿಗೆ ಅಲೆದು, ಕಡೆಗೂ ನಮ್ಮದಾದ ಗದ್ದೆಯಲ್ಲವೇ ಅದು. ನಿಮ್ಮನ್ನು ಅಲ್ಲೇ ಸುಟ್ಟೆವು. ಆ ಜಾಗದಲ್ಲಿ ಮಣ್ಣಿನ ದೂಪೆ ಕಟ್ಟಿ, ನಡುವೆ ತುಳಸಿ, ಎರಡು ಬದಿಗೆ ತೆಂಗಿನ ಸಸಿ ಇಟ್ಟೆವು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ವಾಸು ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಮರಳಿದ. ನಾನು ಸಂಜೆ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದೆ. ಮಾತಾಡುತ್ತಿರಲಿಲ್ಲ. ನಿಮಗೆ ಗೊತ್ತಲ್ಲ, ನಾನು ಮೊದಲಿನಿಂದಲೂ...

ಆ ವರ್ಷದ ಮಳೆಗಾಲದಲ್ಲಿ ಹೊಳೆ ಕಡೆಯ ತೆಂಗಿನ ಸಸಿ ಕೊಚ್ಚಿಹೋದ ದಿನ ನಾನು ಅಳಲಿಲ್ಲ, ಇನ್ನೊಂದು ನೆಟ್ಟರಾಯಿತು ಅಂದುಕೊಂಡೆ. ಮುಂದಿನ ಮಳೆಗಾಲಕ್ಕೆ ಆ ಜಾಗವೇ ಇರಲಿಲ್ಲ. ದೂಪೆಗೂ ನೀರಿಗೂ ನಡುವೆ ಒಂದು ಚಾಪೆ ಹಾಸುವಷ್ಟು ನೆಲ ಉಳಿದಿತ್ತು. ನೋಡಿದವರು ಸಮಾಧಾನ ಹೇಳಿದರು: "ಸತ್ತವರಿಗೆ ಎಂತ ಗಿರಿಜಾ, ಹೊಳೆಗೆ ಹೋದರೆ ಗಂಗೆಗೆ ಹೋದ ಹಾಗೆ." ಅವರದೇನೂ ತಪ್ಪಿಲ್ಲ. ಆದರೆ ನೀವು ಕೇಳಿದ್ದು ಗಂಗೆಯನ್ನಲ್ಲವಲ್ಲ ಮಾವ? ಗದ್ದೆಯ ಮೂಲೆಯನ್ನು ತಾನೇ? ಅಷ್ಟನ್ನೂ ಉಳಿಸಿಕೊಡಲಾಗದಿದ್ದರೆ ನಾನು ಎಂಥ ಸೊಸೆ?

ಮರುವಾಯಿ ಚಿಪ್ಪು ಹೆಕ್ಕಲು ನನ್ನನ್ನು ಕೆಸರಿಗೆ ಇಳಿಸಿದಾಗಲೆಲ್ಲ ನೀವು ಹೇಳುತ್ತಿದ್ದ ಮಾತು ಆಗ ನೆನಪಾಯಿತು. ನೀವು ಹುಡುಗನಾಗಿದ್ದಾಗ ಈ ದಡದ ಉದ್ದಕ್ಕೂ ಕಾಂಡ್ಲ ಇತ್ತಂತೆ. ಉಪ್ಪುನೀರಿನಲ್ಲಿ ಜೇಡನ ಹಾಗೆ ಕಾಲೂರಿ ನಿಲ್ಲುವ ಮರ. ಅದು ಇದ್ದಷ್ಟು ದಿನ ಹೊಳೆ ಗದ್ದೆ ಮುಟ್ಟಲಿಲ್ಲ. ಆಮೇಲೆ ಸೌದೆಗೆ, ಸುಣ್ಣದ ಗೂಡಿಗೆ ಎಂದು ಎಲ್ಲರೂ ಕಡಿದರು, ನಮ್ಮ ಮನೆಯವರೂ ಕಡಿದರು. ಕಲ್ಲಿನ ಗೋಡೆ ನಮ್ಮಿಂದಾಗುವ ಕೆಲಸವಲ್ಲ. ಕಾಂಡ್ಲ ನೆಡಿಸಬಹುದಲ್ಲ ಅನ್ನಿಸಿತು. ಆದರೆ ಯಾರ ಕೈಯಿಂದ? ಇಲ್ಲಿನ ಗಂಡಸರಲ್ಲಿ ಅರ್ಧ ಬೊಂಬಾಯಿಯಲ್ಲಿ, ಅರ್ಧ ಕಡಲಲ್ಲಿ. ಬೀಡಿ ಬ್ರಾಂಚಿನಲ್ಲಿ ಒಬ್ಬರು ಕಾರ್ಕಳದ ಸಂಜೀವಣ್ಣನ ವಿಳಾಸ ಕೊಟ್ಟರು. ಗುಡ್ಡೆಗೆ ಗೇರು, ರಸ್ತೆ ಬದಿಗೆ ಗಾಳಿಮರ, ಹೀಗೆ ಗಿಡ ನೆಡಿಸುವ ಕಂಟ್ರಾಕ್ಟು ಅವರದು. ನಾನು ಕಾರ್ಡು ಬರೆದೆ: ಹೊಳೆಯ ಬದಿಗೆ ಕಾಂಡ್ಲ ನೆಡಿಸಿ ಕೊಡಬೇಕು.

ಅವರ ಉತ್ತರ ಬಂದ ದಿನ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? "ಎಷ್ಟು ಉದ್ದದ್ದು ಬೇಕು?" ಎಂದು ಕೇಳಿದ್ದರು. ಕಾಂಡ್ಲದ ಬೀಜ ನುಗ್ಗೆಕಾಯಿಯ ಹಾಗೆ ಉದ್ದ ಇರುವುದು ಕಾರ್ಕಳದವರಿಗೂ ಗೊತ್ತಿದೆಯಲ್ಲ, ಇವರು ಕೆಲಸ ಬಲ್ಲವರೇ ಅಂದುಕೊಂಡೆ. ಒಂದು ಮೊಳದಷ್ಟು ಇದ್ದರೆ ಒಳ್ಳೆಯದು ಎಂದು ಬರೆದು ಹಾಕಿದೆ.

ಆಟಿ ಕಳೆದು ಸೋಣ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಸಂಜೀವಣ್ಣನ ಟೆಂಪೋ ಬಂತು. ದೊಡ್ಡ ಹೊಟ್ಟೆ, ಬಿಳಿ ಪಂಚೆ, ಹಿಂದೆ ನಾಲ್ಕೈದು ಆಳುಗಳು. ಇಳಿದವರೇ, "ಗಿರಿಜಕ್ಕ, ಇಳಿಸಲಿಕ್ಕೆ ಜಾಗ ತೋರಿಸಿ. ಎಲ್ಲ ಮೊಳ ಉದ್ದವೇ, ಅಳೆದು ಕಡಿಸಿದ್ದು" ಎಂದರು.

ನೋಡಿದರೆ ಟೆಂಪೋ ತುಂಬ ಹಾಲುವಾಣದ ತುಂಡುಗಳು. ಬೇಲಿಗೆ ಊರುತ್ತಾರಲ್ಲ, ಅದೇ.

"ಇದು ಎಂತದು ಸಂಜೀವಣ್ಣ?"

"ಕಾಂಡ."

"ಯಾವ ಕಾಂಡ?"

"ಅದನ್ನು ನೀವು ಬರೆಯಲೇ ಇಲ್ಲ ಅಲ್ವಾ? ಹಾಗಾಗಿ ನಾನೇ ಆಲೋಚನೆ ಮಾಡಿ ಹಾಲುವಾಣ ತಂದೆ. ಬೇಗ ಚಿಗುರ್ತದೆ."

ಎದುರಿಗೆ ಹೊಳೆ ನಡುವಿನ ಕುದ್ರುವಿನಲ್ಲಿ ಇರುವ ಸಿಸಿಲಿ ಬಾಯಿ ಆಗ ದೋಣಿ ಕಟ್ಟಿ ದಡಕ್ಕೆ ಬರುತ್ತಿದ್ದರು. ಅವರ ಬಾಯಿ ನಿಮಗೆ ಗೊತ್ತುಂಟಲ್ಲ. "ಅಯ್ಯೋ ಸಾಯ್ಬಾ! ಹೊಳೆಗೆ ಬೇಲಿ ಹಾಕಲಿಕ್ಕೆ ಜನ ಕಾರ್ಕಳದಿಂದ ಬಂದದ್ದಾ? ನೀರು ಆಚೆ ಮನೆಗೆ ಮೇಯಲಿಕ್ಕೆ ಹೋಗ್ತದೆ ಅಂತಲಾ?"

"ನಗಬೇಡಿ ಬಾಯಿ" ಎಂದು ಸಂಜೀವಣ್ಣ ಕೆಂಪಾದರು. "ಬೇರು, ಕಾಂಡ, ಎಲೆ. ನಾನೂ ಶಾಲೆಗೆ ಹೋದವನೇ. ಕಾಗದ ಉಂಟು ನನ್ನ ಹತ್ತಿರ!" ಶರ್ಟಿನ ಕಿಸೆಯಿಂದ ನನ್ನ ಕಾರ್ಡು ತೆಗೆದು ಮುಂದೆ ಹಿಡಿದರು.

ನನ್ನ ಅಕ್ಷರವೇ. "ಹೊಳೆಯ ಬದಿಗೆ ಕಾಂಡ ನೆಡಿಸಿ ಕೊಡಬೇಕು." ಡ ಅಕ್ಷರದ ಕೆಳಗೆ ಸೊಳ್ಳೆ ಕೂತ ಹಾಗೆ ಏನೋ ಒಂದು ಚುಕ್ಕಿ. ಅದು ಲ ಒತ್ತು ಎಂದು ನನಗೆ ಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಆ ಕ್ಷಣ ನಿಮ್ಮ ಸ್ವರ ಕಿವಿಯಲ್ಲೇ ಕೇಳಿಸಿತು ಮಾವ: ಪುನಃ ನುಂಗಿದ್ದಾ? ನಾನು ನಕ್ಕುಬಿಟ್ಟೆ. ನೀವು ಹೋದ ಮೇಲೆ ನಕ್ಕದ್ದೇ ಅದು ಮೊದಲು. ನಗುತ್ತಾ ನಗುತ್ತಾ ನಿಲ್ಲಿಸಲಿಕ್ಕಾಗದೆ ಅಲ್ಲೇ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಕೂತೆ, ಆಮೇಲೆ ಅಳು ಬಂತು. ಸಿಸಿಲಿ ಬಾಯಿ ನಗುವುದನ್ನು ಬಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟರು.

ನಿಜವಾದ ಹೆದರಿಕೆ ಅದರ ನಂತರದ್ದು. ಕಾಂಡ್ಲ ಎಂದರೆ ಏನು, ಎಲ್ಲಿ ನೆಡುವುದು ಎಂದು ವಿವರಿಸಿದಾಗ ಸಂಜೀವಣ್ಣ ತಲೆ ಅಲ್ಲಾಡಿಸಿದರು. "ಇಲ್ಲಕ್ಕ, ಕೆಸರಿನ ಕೆಲಸ ನಾನು ಮಾಡಿದವನಲ್ಲ. ಬೇರೆ ಕಡೆ ಗೇರು ನೆಡಲಿಕ್ಕೆ ಒಪ್ಪಿಯಾಗಿದೆ. ಬೇರೆಯವರನ್ನು ನೋಡಿ." ಟೆಂಪೋ ಹೊರಟರೆ ಇನ್ನು ಯಾರನ್ನು ನೋಡುವುದು? ಸೋಣ ಕಳೆದರೆ ಬೀಜ ಉದುರಿ ಮುಗಿಯುತ್ತದೆ. ಇನ್ನೊಂದು ಮಳೆಗಾಲಕ್ಕೆ ಆ ಚಾಪೆಯಷ್ಟು ನೆಲ ಉಳಿಯುತ್ತದಾ? ಹೆಚ್ಚು ಮಾತಾಡಲು ನನಗೆ ಬರುವುದಿಲ್ಲ. ಕೈ ತೋರಿಸಿದೆ, ಅಷ್ಟೆ. "ಸಂಜೀವಣ್ಣ, ಅಲ್ಲಿ ನನ್ನ ಮಾವ ಇದ್ದಾರೆ."

ಅವರು ದೂಪೆಯನ್ನು ನೋಡಿದರು. ಅದರ ಪಕ್ಕದಲ್ಲಿ ಹೊಳೆ ಕಡಿದ ಹಸಿ ಮಣ್ಣನ್ನು ನೋಡಿದರು. ಚಪ್ಪಲಿ ಕಳಚಿ ಬದಿಗಿಟ್ಟರು. "ಬೀಜ ಎಲ್ಲಿ ಸಿಗ್ತದೆ?"

"ನನ್ನ ಕುದ್ರುವಿನಲ್ಲಿ" ಎಂದರು ಸಿಸಿಲಿ ಬಾಯಿ. "ನಾನು ಯಾರಿಗೂ ಕಡಿಯಲಿಕ್ಕೆ ಬಿಡಲಿಲ್ಲ. ನನ್ನ ಬಾತುಗಳಿಗೆ ನೆರಳು ಬೇಡ್ವಾ? ದೋಣಿಗೆ ಹತ್ತಿ. ಆದರೆ ಆ ಹೊಟ್ಟೆ ನಡುವಿನಲ್ಲಿ ಇಟ್ಟು ಕೂತುಕೊಳ್ಳಿ ಮಾರಾಯ್ರೆ, ಒಂದು ಬದಿಗೆ ಬೇಡ!"

ಆ ದಿನಗಳನ್ನು ನೀವು ನೋಡಬೇಕಿತ್ತು. ನೀರಿಳಿದ ಹೊತ್ತಿಗೆ ಎಲ್ಲರೂ ಕೆಸರಿಗೆ ಇಳಿಯುವುದು, ನೀರೇರಿದರೆ ನಮ್ಮ ಚಾವಡಿಯಲ್ಲಿ ಗಂಜಿ, ಮರುವಾಯಿ ಸುಕ್ಕ. ಸಂಜೀವಣ್ಣ ಸೊಂಟದವರೆಗೆ ಹೂತು ಹೋದಾಗ ಆಳುಗಳು ಹಗ್ಗ ಹಾಕಿ ಎಳೆದರು. ಆ ಹಗ್ಗವನ್ನೂ ಅವರು ಸುಮ್ಮನೆ ತಂದದ್ದಲ್ಲ. ಗೇರುತೋಟದ ಹಾಗೆ ಅಳೆದು, ಹಗ್ಗ ಹಿಡಿದು, ಸಾಲಾಗಿಯೇ ನೆಡಬೇಕಂತೆ. "ಹೊಳೆಯಲ್ಲಿ ಸಾಲು ಯಾಕೆ?" ಎಂದರೆ, "ಸಾಲು ತಪ್ಪಿದರೆ ನನ್ನ ಹೆಸರು ಹಾಳು" ಎಂದರು. ಹೊರಡುವ ದಿನ ಹಾಲುವಾಣದ ತುಂಡುಗಳನ್ನು ವಾಪಸು ಕೊಂಡುಹೋಗಲು ನಾಚಿಕೆಯಾಯಿತೋ ಏನೋ, ಕೇಳದೆಯೇ ದೂಪೆಯ ಸುತ್ತ ಊರಿ ಹೋದರು.

ಆಮೇಲಿನ ಒಂದೊಂದು ಮಳೆಗೂ ನಾನು ಎದ್ದು ಹೋಗಿ ನೋಡುತ್ತಿದ್ದೆ. ಕೆಲವನ್ನು ಏಡಿ ತಿಂದಿತು, ಕೆಲವನ್ನು ನೀರು ಒಯ್ದಿತು. ಮರುವರ್ಷ ದಡ ಇನ್ನೂ ಸ್ವಲ್ಪ ಜಾರಿದಾಗ ಇನ್ನು ಮುಗಿಯಿತು ಅಂದುಕೊಂಡಿದ್ದೆ. ಅದೇ ಸೋಣದಲ್ಲಿ ಸಂಜೀವಣ್ಣ ಕರೆಯದೆಯೇ ಬಸ್ಸು ಹತ್ತಿ ಬಂದರು, ಕೈಯಲ್ಲಿ ಅದೇ ಹಗ್ಗ. ಸಾಲಿನ ನಡುವೆ ಖಾಲಿ ಬಿದ್ದದ್ದು ಕನಸಿನಲ್ಲೂ ಕಾಣುತ್ತದಂತೆ. ಸಿಸಿಲಿ ಬಾಯಿ ದೋಣಿಯಲ್ಲಿ ಬೀಜ ತಂದು, "ಬಂದ್ರಾ ಬೇಲಿಯವರು?" ಎಂದರು. ಈಗ ಆಚೆಯಿಂದ ನೋಡಿದರೆ ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಕಾಣುತ್ತದೆ ನಮ್ಮ ದಡ.

ಈ ವರ್ಷ ಆ ಗಿಡಗಳಿಗೆ ಕಾಲು ಬಂದಿದೆ ಮಾವ. ನೀವು ಹೇಳುತ್ತಿದ್ದ ಜೇಡನ ಕಾಲು. ಮೊನ್ನೆಯ ನೆರೆ ಇಳಿದ ಮೇಲೆ ಹೋದರೆ, ಹೊಳೆ ತಂದ ಕಸ, ಮಣ್ಣು ಎಲ್ಲ ಆ ಕಾಲುಗಳ ನಡುವೆ ಸಿಕ್ಕಿ ನಿಂತಿತ್ತು. ಚಾಪೆಯಷ್ಟಿದ್ದ ನೆಲ ಈಗ ಎರಡು ಚಾಪೆಯಷ್ಟಾಗಿದೆ. ನಾನು ಅದರ ಮೇಲೆ ಸುಮ್ಮನೆ ಕೂತೆ. ಎದೆಯ ಮೇಲಿಂದ ಯಾರೋ ಅಕ್ಕಿಮುಡಿ ಇಳಿಸಿದ ಹಾಗಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮಳೆಯ ಸದ್ದು ಕೇಳುತ್ತಾ ನಿದ್ದೆ ಮಾಡಿದೆ.

ಇನ್ನೊಂದು ಸುದ್ದಿ. ನೀವು ಬರೆದುಕೊಡುತ್ತಿದ್ದ ಬೊಂಬಾಯಿ ಕಾಗದಗಳನ್ನು ಈಗ ನಾನು ಬರೆಯುತ್ತೇನೆ. ಹೆಂಗಸರು ಮಡಿಲಲ್ಲಿದ್ದ ಬೀಡಿ ಎಲೆಯ ಸೂಪು ಪಕ್ಕಕ್ಕಿಟ್ಟು ಹೇಳುತ್ತಾರೆ, ನಾನು ದೊಡ್ಡ ಅಕ್ಷರದಲ್ಲಿ, ಒಂದು ಒತ್ತೂ ಬಿಡದೆ ಬರೆದು, ಓದಿ ಹೇಳಿ, ಆಮೇಲೆ ಅಂಟಿಸುತ್ತೇನೆ. ಇನ್ನು ನುಂಗುವುದಿಲ್ಲ, ನಿಮ್ಮಾಣೆ. ಆದರೆ ನೀವು ಹೇಳಿದ್ದೂ ಪೂರ್ತಿ ಸರಿಯಲ್ಲ ನೋಡಿ. ಆ ಹಾಲುವಾಣ ಎಲ್ಲ ಚಿಗುರಿದೆ. ಬೇಸಿಗೆಯಲ್ಲಿ ನಿಮ್ಮ ತಲೆಯ ಸುತ್ತ ಕೆಂಪು ಹೂ, ಅದರ ತುಂಬ ಹಕ್ಕಿಗಳು. ಒಂದೇ ಒಂದು ಸಲ, ಒತ್ತು ನುಂಗಿ ನನ್ನ ಹೊಟ್ಟೆ ತುಂಬಿತು ಮಾವ.

ಕಾಂಡ್ಲ.

ಕನ್ನಡಕ ಹಾಕಿ ನೋಡಿ. ಒತ್ತು ಉಂಟು.

ನಿಮ್ಮ ಗಿರಿಜಾ