ಸಾಲಾಗಿ ಬಿಗಿದ ಬೋಲ್ಟ್‌ಗಳು

ಅಣ್ಣಾ ನಗರ್, ಶನಿವಾರ

ಶಿವಕಿರಣ್ ಅವರಿಗೆ,

ನಿನ್ನೆ ನಾನು ಹೇಳಿಕೊಡುತ್ತಿದ್ದ ಪಾಠದ ನಡುವೆ ಎದ್ದು ಹೋದಿರಿ. ಅದಕ್ಕೇ ಈ ಪತ್ರವನ್ನು ಇಂದೇ ನಿಮ್ಮ ಕೈ ಸೇರುವಂತೆ ಕಳಿಸುತ್ತಿದ್ದೇನೆ. ನಾಳೆಯ ಇಂಗ್ಲಿಷ್ ಪರೀಕ್ಷೆ ಪಾಸಾಗದಿದ್ದರೆ ನಿಮ್ಮ ಪೈಪ್ ಫಿಟ್ಟರ್ ಕೆಲಸ ಕಾಯಂ ಆಗುವುದಿಲ್ಲವೆಂದು ನೆನೆದು ರಾತ್ರಿಯೆಲ್ಲ ಹೊರಳಾಡಿದೆ.

ಓದಲು ಕೊಟ್ಟ ಪುಟದಲ್ಲಿ ಬೋಲ್ಟ್‌ಗಳನ್ನು ಸಾಲಾಗಿ ಬಿಗಿಯಬೇಕು ಎಂದಿತ್ತು. ನೀವು ಉತ್ತರದಲ್ಲಿ ಎದುರುಬದುರಾಗಿ, ಒಂದಾದ ಮೇಲೆ ಅದರೆದುರಿನದು, ಎಂದು ಬರೆದಿರಿ. ನಾನು ತಪ್ಪೆಂದಾಗ, "ಸಾಲಾಗಿ ಬಿಗಿದ್ರೆ ಪೈಪ್ ಸೋರುತ್ತೆ ರೀ! ಬರೀ ಕಥೆ ಓದೋ ನಿಮ್ಮಂಥೋರಿಗೆ ಏನ್ ಗೊತ್ತು?" ಎಂದಿರಿ.

ಸೋರಬಹುದು. ಆದರೆ ಪರೀಕ್ಷೆಯಲ್ಲಿ ಕೇಳುವುದು ಪುಟದಲ್ಲಿ ಏನಿದೆ ಎಂದಷ್ಟೇ. ಕಥೆ ಓದುವವರಿಗೆ ಅದು ಅಭ್ಯಾಸ; ನಂಬದಿದ್ದರೂ ಪೂರ್ತಿ ಕೇಳಿಸಿಕೊಳ್ಳುತ್ತೇವೆ.

ನೀವು ಬಿಟ್ಟುಹೋದ ಹಾಲ್ ಟಿಕೆಟ್ ಹಿಡಿದು ನಾಳೆ ಬೆಳಿಗ್ಗೆ ಗಿಂಡಿ ಮೆಟ್ರೋ ಬಾಗಿಲಲ್ಲಿ ನಿಂತಿರುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಪುಟವನ್ನು ನಂಬಿ. ಆಮೇಲೆ ನಾನು ನಿಮ್ಮನ್ನೇ ನಂಬುತ್ತೇನೆ.

ದಾರಿ ನೋಡುವ,
ಪ್ರೇರಣಾ