ಓದು ಬಾರದವರಿಗೆ ಒಂದು ಓಲೆ

ಆಕ್ಸಿರಿಂಕಸ್ ಪಟ್ಟಣ
ಪವುನಿ ಮಾಸ, ಹನ್ನೆರಡನೇ ದಿನ

ಯಜಮಾನರಾದ ಕೋಪ್ರೆಸ್ ಅವರಿಗೆ ಹೆಂಡತಿ ತಯೂರಿಸ್ ಮಾಡುವ ನಮಸ್ಕಾರ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇದನ್ನು ನಿಮಗೆ ಓದಿ ಹೇಳುತ್ತಿರುವವರು ನಿಮ್ಮ ಹಳ್ಳಿಯ ಕರಣಿಕರು. ಅವರ ಕೈಗೇ ಕೊಡು ಎಂದು ದೋಣಿಯವನಿಗೆ ಹೇಳಿ ಕಳಿಸಿದ್ದೇನೆ. ನೀವೇ ಓದಿಕೊಳ್ಳುವ ಹಾಗಿಲ್ಲವಲ್ಲ! ‘ನಂಗೆ ಅಕ್ಷರ ಬರೋದಿಲ್ಲ ಸ್ವಾಮಿ, ಕತ್ತೆ ಮೇಯಿಸೋ ಜನ ನಾವು’ ಎಂದು ಚಕ್ರವರ್ತಿಯ ಮೇಲೆ ಆಣೆಯಿಟ್ಟವರು ನೀವು. ಹತ್ತು ವರ್ಷ ನಮ್ಮ ಕ್ರೈಸ್ತ ಸಭೆಗೆ ಯೋಹಾನನ ಸುವಾರ್ತೆ ಓದಿದ ಬಾಯಿ ಅದು. ಆ ಜೊಂಡಿನ ಹಾಳೆಗಳ ಮೇಲೆ ನನ್ನ ಬೆರಳಿಟ್ಟೇ ನನಗೂ ಗ್ರೀಕ್ ಅಕ್ಷರ ಕಲಿಸಿದಿರಿ. ಮರೆತಿಲ್ಲ. ಮರೆತಿದ್ದರೆ ಈ ಪತ್ರ ಬರೆಯಲಾಗುತ್ತಿತ್ತೆ?

ನಮ್ಮ ಸುವಾರ್ತೆಗಳನ್ನೆಲ್ಲ ಸುಡಬೇಕೆಂಬ ಚಕ್ರವರ್ತಿಯ ಆಜ್ಞೆ ಹೊತ್ತು ಪುಸ್ತಕ ಹುಡುಕಲು ಬಂದವರು ‘ಹಾಗಾದ್ರೆ ನಿಮ್ಮಲ್ಲಿ ಓದೋನು ಯಾವನಯ್ಯಾ?’ ಎಂದಾಗ ನೀವು ನನ್ನ ತಮ್ಮ ಪನಾರೆಸ್‌ನ ಕಡೆ ಬೆರಳು ತೋರಿಸಿದಿರಿ. ಬಲೆ ಹೆಣೆಯುವ ಹುಡುಗ. ‘ಭಾವ, ಮೀನಿನ ಮುಳ್ಳು ಬಿಡಿಸೋದೊಂದೇ ನನ್ನ ವಿದ್ಯೆ’ ಎಂದು ನಕ್ಕೇಬಿಟ್ಟ. ತಮಾಷೆ ಎಂದುಕೊಂಡಿದ್ದ. ಓದು ಬರುತ್ತದೆಂದು ತೋರಿಸಬಹುದು. ಬರುವುದಿಲ್ಲವೆಂದು ತೋರಿಸುವುದು ಹೇಗೆ? ಮೊದಲು ಆಣೆಯಿಟ್ಟವರ ಮಾತು ನಡೆಯಿತು. ಆಣೆ ನಿಮ್ಮದು, ಬೇನೆ ಅವನದು. ಬಲಗಣ್ಣು ಕಿತ್ತು, ಎಡಗಾಲಿನ ನರ ಸುಟ್ಟು, ಕಲ್ಲುಗಣಿಗೆ ಅಟ್ಟಿದರು.

ನೀವು ಬಚ್ಚಿಟ್ಟ ಪುಸ್ತಕ ಒಪ್ಪಿಸಿದರೆ ಅವನನ್ನು ಬಿಡುತ್ತಾರಂತೆ ಎಂದು ನಿಮ್ಮ ಕಾಲು ಹಿಡಿದೆ. ‘ಅವನಿಗೆ ಇನ್ನೊಂದು ಕಣ್ಣಿದೆಯಲ್ಲೇ, ಈ ಪುಸ್ತಕ ಇನ್ನೊಂದಿದೆಯೇನೇ?’ ಅಂದಿರಿ. ಮಾರನೆಯ ಬೆಳಿಗ್ಗೆ ಕತ್ತೆ ಹತ್ತಿ ನಿಮ್ಮ ಹಳ್ಳಿಗೆ ಹೊರಟಿರಿ. ಬುತ್ತಿಗೆ ಉಪ್ಪುಮೀನು ಕಟ್ಟಿದವಳು ನಾನೇ, ಜೀನು ಹೊಲಿದುಕೊಟ್ಟವಳೂ ನಾನೇ. ಗಂಡ ಹೇಳಿದ ಮೇಲೆ ಹೊಲಿಯದೆ ಇರುವುದುಂಟೆ?

ಇಲ್ಲಿ ಎಲ್ಲ ಕ್ಷೇಮ. ಖರ್ಜೂರ ಕಾಯಿ ಕಟ್ಟಿದೆ. ಪನಾರೆಸ್‌ಗೆಂದು ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಇಂತಿ,
ನೀವೇ ಅಕ್ಷರ ಕಲಿಸಿದ
ತಯೂರಿಸ್

ಮರೆತ ಮಾತು: ಕರಣಿಕರೇ, ಇದು ನಿಮಗೆ, ಆದರೂ ಗಟ್ಟಿಯಾಗಿಯೇ ಓದಿ. ಅವರ ಕತ್ತೆಯ ಜೀನಿನಲ್ಲಿ ಕೆಂಪು ದಾರದ ಹೊಲಿಗೆಯಿದೆ, ಬಿಚ್ಚಿ ನೋಡಿ, ಆ ಜೊಂಡಿನ ಹಾಳೆಗಳು ಸಿಗುತ್ತವೆ. ಯಜಮಾನರು ಎದ್ದು ಓಡಿದರೆ ನೀವು ಅಟ್ಟಿಸಿಕೊಂಡು ಹೋಗಬೇಕಿಲ್ಲ. ಬಾಗಿಲಲ್ಲಿ ನಿಂತಿರುವ ದೋಣಿಯವನಿಗೆ ಹುಟ್ಟು ಹಾಕಲು ಬರುವುದಿಲ್ಲ, ಬೇಡಿ ಹಾಕಲು ಬರುತ್ತದೆ. ಅವರಿಗೆ ಧೈರ್ಯ ಹೇಳಿ: ಇನ್ನೊಂದು ಕಣ್ಣಿರುತ್ತದೆ.