ನಲವತ್ತೇಳನೇ ಸೈಟಿನ ನಾಲ್ಕು ಮೊಟ್ಟೆಗಳು

ಫೆಬ್ರವರಿ ಮೂವತ್ತು, 2294
ದಾವಣಗೆರೆ ಹಿರಿ ಉದ್ಯಾನ, ಒಂಬತ್ತನೇ ಬೇಲಿಯ ಒಳಗಿನಿಂದ

ಪರಮಪೂಜ್ಯ ಪೂರ್ವಜರ ಪಾದಗಳಿಗೆ ತಿಪ್ಪೇಶನ ದೀರ್ಘದಂಡ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಮಂಜೂರಾಗಿದೆ. ಪಾಪ, ಅದಾದರೂ ಎಷ್ಟೂಂತ ಕಾಯುವುದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಹತ್ತೊಂಬತ್ತರ ಹುಡುಗ, ಐದು ತಿಂಗಳಿಂದ ಯಾರ ಹತ್ತಿರವೂ ಮಾತಾಡಿಲ್ಲ. ನಾಲಿಗೆಗೆ ತುಕ್ಕು ಹಿಡಿದಿದೆ.

ನೀವು ಊರಾಚೆಯ ಹೊಲಗಳಲ್ಲಿ ಕಲ್ಲು ನೆಟ್ಟು ಲೇಔಟ್ ಮಾಡಿದಿರಲ್ಲ, ಅವನ್ನು ಈಗ ನಮ್ಮ ನಗರ ಒಂದೊಂದಾಗಿ ಕೊಂಡು ಉದ್ಯಾನಕ್ಕೆ ಸೇರಿಸುತ್ತಿದೆ. ಕಾಂಕ್ರೀಟು ಕಿತ್ತು, ಮುಚ್ಚಿಹೋದ ಹಳ್ಳ ಬಿಡಿಸಿ, ಹುಲ್ಲಿನ ಬೀಜ ಎರಚಿ, ಬೇಲಿ ಹಾಕಿ ಎಲ್ಲರೂ ಹೊರಟುಬಿಡುತ್ತಾರೆ. ಇದಕ್ಕೆ ‘ಬಿಡುವು’ ಎನ್ನುತ್ತೇವೆ: ನೆಲವನ್ನು ಅದರ ಪಾಡಿಗೆ ಬಿಡುವುದು. ಒಳಗೆ ಉಳಿಯುವವನು ಒಬ್ಬನೇ, ‘ಒಂಟಿಗಾವಲು’. ಅದು ನಾನು. ನೆಲದಲ್ಲಿ ಗೂಡು ಮಾಡುವ ಹಕ್ಕಿ ಬಂದು ಮೊಟ್ಟೆಯಿಟ್ಟರೆ ಭೂಮಿ ಗುಣವಾಯಿತೆಂದು ಅರ್ಥ. ಅಂದೇ ಗೇಟು ತೆರೆದು, ಡೊಳ್ಳು ಬಡಿದು, ಊರೆಲ್ಲ ಒಳಗೆ ಬರುತ್ತದೆ. ಗಾವಲಿನವನು ಮನೆಗೆ ಹೋಗುತ್ತಾನೆ. ಹಕ್ಕಿ ಬರಲಿಲ್ಲವೋ, ಮೂರು ವರ್ಷ ಇಲ್ಲೇ.

ಮಂಗಳವಾರ ಬೇಲಿಯ ಕಿಂಡಿಯಲ್ಲಿ ಬುತ್ತಿ ಬರುತ್ತದೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಅಕ್ಕ ಸಿದ್ಧವ್ವನ ಚೀಟಿ. ತಂದಿಟ್ಟವರ ಮುಖ ಕಾಣುವುದಿಲ್ಲ, ನಿಯಮ. ಸಂಜೆ ನಿಮ್ಮ ಹಳೇ ಸೈಟ್ ಕಲ್ಲುಗಳ ಸರ್ವಸದಸ್ಯರ ಸಭೆ ಕರೆಯುತ್ತೇನೆ. ಸ್ವಾಗತ ನನ್ನದು, ಅಧ್ಯಕ್ಷತೆ ನನ್ನದು, ವಂದನಾರ್ಪಣೆಯೂ ನನ್ನದೇ. ನಿರ್ಣಯಗಳೆಲ್ಲ ಸರ್ವಾನುಮತ. ಒಂದು ಕಲ್ಲಾದರೂ ಎದ್ದು ವಿರೋಧಿಸಬಾರದೇ ಎಂದು ಕೆಲವು ದಿನ ಕಣ್ಣಲ್ಲಿ ನೀರು ಬರುತ್ತದೆ.

ಆ ಬೇಸರಕ್ಕೇ, ಒಳಗೆ ಬಂದ ಎಂಟನೇ ತಿಂಗಳಲ್ಲಿ, ಅಂದರೆ ಐದು ತಿಂಗಳ ಹಿಂದೆ, ಒಂದು ಘನಕಾರ್ಯ ಮಾಡಿದೆ. ಹಳೆಯ ಧ್ವನಿಮುದ್ರಣ ಕೇಳಿ, ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಯ ಕೂಗು ಕಲಿತೆ. ಬೆಣಚುಕಲ್ಲು ನಾಲ್ಕಕ್ಕೆ ಮಸಿಯ ಚುಕ್ಕೆಯಿಟ್ಟು ಮೊಟ್ಟೆ ಮಾಡಿದೆ. ‘ಹಕ್ಕಿ ಬಂತು’ ಎಂದು ಚೀಟಿ ಕಳಿಸಿದೆ. ಗೇಟು ತೆರೆಯಿತು, ಡೊಳ್ಳು ಬಂತು, ನಾನು ಪೊದೆಯಲ್ಲಿ ಕೂತು ಕೂಗಿದೆ. ಹುಲ್ಲಿನ ಧೂಳಿಗೆ ನಡುವೆ ಸೀನು ಬಂದುಬಿಟ್ಟಿತು. ಗಾವಲಿನ ಮೇಲ್ವಿಚಾರಕಿ ಓಬಮ್ಮತ್ತೆ ಪೊದೆ ಸರಿಸಿ, “ಏನೋ ತಿಪ್ಪೇಶ, ಈ ಹಕ್ಕಿಗೆ ನೆಗಡಿ ಆಗೈತಲ್ಲೋ!” ಅಂದರು. ಜನ ನಕ್ಕರು, ನಾನೂ ನಕ್ಕೆ. ಹೊರಡುವಾಗ ಅತ್ತೆ ನಗಲಿಲ್ಲ. “ಹುಲ್ಲೆಲ್ಲ ತುಳಿದುಹೋತು ನೋಡು. ಇವತ್ತಿಂದ ಮತ್ತೆ ಮೂರು ವರ್ಷ. ಇನ್ಮೇಲೆ ಮೊಟ್ಟೆ ಕಣ್ಣಿಂದ ಕಾಣದೆ ನಿನ್ನ ಮಾತು ನಂಬಲ್ಲ, ಮಗನೇ.”

ಹನ್ನೆರಡು ದಿನದ ಹಿಂದೆ ನಿಜವಾದದ್ದು ಬಂತು. ನಲವತ್ತೇಳನೇ ಸೈಟು, ಮೂವತ್ತು ನಲವತ್ತು, ಪೂರ್ವ ದಿಕ್ಕಿಗೆ, ಈಶಾನ್ಯ ಮೂಲೆಯಲ್ಲೇ ಗೂಡು. ವಾಸ್ತು ಪ್ರಕಾರ ಇಳಿದಿದ್ದಾರೆ, ದಂಪತಿ. ಗರಸಿನಲ್ಲಿ ನಾಲ್ಕು ಮೊಟ್ಟೆ. ಬಿಸಿಲು ಏರಿದಾಗ ಮೊಟ್ಟೆ ತಂಪಾಗಿರಲೆಂದು ತಾಯಿಹಕ್ಕಿ ಹಳ್ಳದಲ್ಲಿ ಎದೆ ನೆನೆಸಿಕೊಂಡು ಬಂದು ಕೂರುತ್ತದೆ.

ತೋರಿಸಿದರೆ ನಾಳೆಯೇ ಮನೆ. ಆದರೆ ಡೊಳ್ಳಿನ ಸದ್ದಿಗೆ ಹಕ್ಕಿ ಎದ್ದರೆ ಮತ್ತೆ ಬಂದು ಕೂರುವುದಿಲ್ಲ. ಇನ್ನು ಹದಿನಾರು ದಿನ ಸುಮ್ಮನಿದ್ದರೆ ಮರಿಗಳು ಹುಟ್ಟಿದ ದಿನವೇ ಎದ್ದು ಹುಲ್ಲಿನೊಳಗೆ ಓಡುತ್ತವೆ. ನನ್ನ ಸಾಕ್ಷಿ ತನ್ನ ಕಾಲ ಮೇಲೆ ತಾನೇ ನಡೆದುಹೋಗುತ್ತದೆ. ಅಕ್ಕನ ಮದುವೆ ಇರುವುದು ಹತ್ತು ದಿನಕ್ಕೆ.

ಯಾರಿಗೂ ಹೇಳುವಂತಿಲ್ಲ, ಹೇಳದೆ ಇರಲೂ ಆಗುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನೀವು ಸತ್ತು ಇನ್ನೂರು ವರ್ಷವಾಯಿತು. ಡೊಳ್ಳು ಹಿಡಿದು ಬರುವ ಭಯವಿಲ್ಲ.

ಇವತ್ತು ಮಂಗಳವಾರ. ಅಕ್ಕನ ಚೀಟಿಯಲ್ಲಿ ಒಂದೇ ಸಾಲು: ‘ಹಕ್ಕಿ ಬಂತೇನೋ?’ ಬಾರದ ಹಕ್ಕಿಯನ್ನು ಬಂತೆಂದವನು ನಾನೇ. ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ, ‘ಇನ್ನೂ ಇಲ್ಲಕ್ಕಾ, ಮದುವೆ ಊಟಕ್ಕೆ ನನ್ನ ಹೆಸರಿನದೊಂದು ಎಲೆ ಹಾಕಿಸು’ ಎಂದು ಬರೆದು ಕಿಂಡಿಯಲ್ಲಿಟ್ಟೆ.

ನಲವತ್ತೇಳನೇ ಸೈಟಿನ ನಿಮ್ಮ ಕಾಲದ ಮಾಲೀಕರಲ್ಲಿ ಒಂದು ವಿನಂತಿ. ನಿಮ್ಮ ಖಾಲಿ ಸೈಟಿನಲ್ಲೂ ಹೀಗೇ ಒಂದು ಜೋಡಿ ಕೂತಿರಬಹುದು. ಪಾಯ ತೆಗೆಸುವುದನ್ನು ಇಪ್ಪತ್ತೆಂಟು ದಿನ ಮುಂದೂಡಿ. ಕಾಯುವುದು ಕಷ್ಟವಾದರೆ ಕಲ್ಲುಗಳ ಸಭೆ ಕರೆಯಿರಿ. ನನ್ನ ಹೆಸರು ಹೇಳಿದರೆ ಸರ್ವಾನುಮತ ಖಂಡಿತ.

ಇಂತಿ, ಹಕ್ಕಿಗೆ ಕೇಳದಷ್ಟು ಮೆತ್ತಗೆ,
ತಿಪ್ಪೇಶ